ಹಳೆಯ ಕನ್ನಡ ಪತ್ರಿಕೆಯ ಸುದ್ದಿಯನ್ನು ಪತ್ರಾಗಾರಗಳಲ್ಲಿ ಹುಡುಕುವ ಬಗೆ

ನೂರು ವರ್ಷ ಹಿಂದಿನ ಕನ್ನಡ ಪತ್ರಿಕೆಯೊಂದರ ಸುದ್ದಿಯನ್ನು ಕಣ್ಣಾರೆ ಕಾಣಬೇಕೆಂದು ಹೊರಡುವವರು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ವಿಚಾರಿಸಿ, ಅಲ್ಲಿ ಸಿಗದಿದ್ದರೆ ಪತ್ರಿಕೆಯೇ ಅಳಿದುಹೋಗಿದೆ ಎಂದು ಕೈಚೆಲ್ಲುತ್ತಾರೆ. ಆದರೆ 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಮೈಸೂರು ಸಂಸ್ಥಾನ, ಹೈದರಾಬಾದು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳು, ಕೊಡಗು ಮೊದಲಾಗಿ ಹಂಚಿಹೋಗಿತ್ತು. ಪತ್ರಿಕೆಗಳ ಮೇಲೆ ಕಣ್ಣಿಟ್ಟು ಕಡತ ಬೆಳೆಸಿದವೂ ಆಯಾ ಸರ್ಕಾರಗಳೇ. ಆದ್ದರಿಂದ ಪತ್ರಿಕೆ ಅಚ್ಚಾದ ಊರು ಆಗ ಯಾರ ಆಡಳಿತಕ್ಕೆ ಸೇರಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಧಾರವಾಡ, ಬೆಳಗಾವಿಗಳ ಪತ್ರಿಕೆಗಳ ಜಾಡು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿಯೂ, ಮಂಗಳೂರು, ಬಳ್ಳಾರಿಗಳದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿಯೂ, ಕಲಬುರಗಿಯ ಕಡೆಯದು ಹೈದರಾಬಾದಿನಲ್ಲಿಯೂ ಸಿಗುವ ಸಂಭವ ಹೆಚ್ಚು. ಹಳೆಯ ಮೈಸೂರಿನದಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರವೇ ಸರಿಯಾದ ಬಾಗಿಲು.

ಮಿಷನ್ನುಗಳ ಪತ್ರಿಕೆಗಳ ದಾರಿ ಬೇರೆ. ಬಾಸೆಲ್ ಮಿಷನ್ನಿನ ಪಾದ್ರಿ ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ವನ್ನು ಹುಡುಕುವವರು ಸರ್ಕಾರಿ ಕಡತಗಳಿಗಿಂತ ಮೊದಲು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಪತ್ರಾಗಾರವನ್ನೂ ವಿಚಾರಿಸುವುದು ಲೇಸು. ಈ ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಹೀಗೆ ಊರನ್ನೂ ಹೆಸರನ್ನೂ ಬದಲಿಸಿಕೊಂಡ ಪತ್ರಿಕೆಗಳು ಸೂಚಿಯಲ್ಲಿ ಎರಡು ಕಡೆ ಬೇರೆ ಬೇರೆಯಾಗಿ ಕುಳಿತಿರುತ್ತವೆಯಾದ್ದರಿಂದ, ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಹಿಂದಿನ ಮತ್ತು ಮುಂದಿನ ಹೆಸರುಗಳನ್ನೂ ಕೇಳಿ ನೋಡಬೇಕು.

ತಾರೀಖಿನ ವಿಷಯದಲ್ಲಿ ಅವಸರ ಮಾಡಬಾರದು. ಸಂಚಿಕೆಯ ಮೇಲೆ ಸಂವತ್ಸರದ ಹೆಸರಷ್ಟೇ ಇದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದನ್ನು ನೆನಪಿಡಬೇಕು: ಶೋಭಕೃತು ಎಂದರೆ 1843 ಇರಬಹುದು, 1903ರೂ ಇರಬಹುದು. ಶಕವರ್ಷ ಕೊಟ್ಟಿದ್ದರೆ ಅದಕ್ಕೆ 78 ಕೂಡಿಸಿ ಇಸವಿ ತಿಳಿಯಬಹುದು. ಆದರೆ ವರ್ಷ ಯುಗಾದಿಗೆ ತಿರುಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ಸಂಚಿಕೆಗಳಿಗೆ 79 ಕೂಡಿಸಬೇಕು. ಈ ಒಂದು ವರ್ಷದ ವ್ಯತ್ಯಾಸದಿಂದಲೇ ತಪ್ಪು ಬೈಂಡನ್ನು, ಎಂದರೆ ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ಸಂಪುಟವನ್ನು, ತರಿಸಿಕೊಂಡು ಇಡೀ ದಿನ ಕಳೆಯುವುದುಂಟು.

ಪತ್ರಿಕೆಯ ಪ್ರತಿಯೇ ಉಳಿದಿಲ್ಲವೆಂದಾದರೆ ಕೆಲಸ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ನನ್ನ ಮಟ್ಟಿಗೆ ಹುಡುಕಾಟದ ಸ್ವಾರಸ್ಯ ಶುರುವಾಗುವುದೇ ಇಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮುಂಬಯಿ, ಮದರಾಸು ಸರ್ಕಾರಗಳು ದೇಶಭಾಷೆಯ ಪತ್ರಿಕೆಗಳಲ್ಲಿ ಬಂದ ಲೇಖನಗಳ ಸಾರವನ್ನು ಇಂಗ್ಲಿಷಿಗೆ ಇಳಿಸಿ ಗುಟ್ಟಿನ ವರದಿಗಳನ್ನು ತಯಾರಿಸುತ್ತಿದ್ದವು. ಯಾರನ್ನು ಹದ್ದುಬಸ್ತಿನಲ್ಲಿಡಬೇಕೆಂದು ಮಾಡಿದ ಕೆಲಸವೋ ಅದೇ ಇಂದು ಅವರ ಮಾತನ್ನು ಉಳಿಸಿಕೊಟ್ಟಿದೆ. ಈ ವರದಿಗಳು ಮುಂಬಯಿ, ಚೆನ್ನೈಗಳಲ್ಲದೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇವೆ. ಓದುವಾಗ ಅನುವಾದಕನ ನೌಕರಿ ಸರ್ಕಾರದ್ದೆಂಬುದನ್ನು ಮರೆಯದೆ, ಅವನು ಆರಿಸಿದ್ದಷ್ಟೇ ನಮಗೆ ಕಾಣುತ್ತಿದೆ ಎಂಬ ಎಚ್ಚರ ಇಟ್ಟುಕೊಳ್ಳಬೇಕು. ಮೈಸೂರಿನ ಪತ್ರಿಕೆಯೊಂದು 1908ರ ಹೊತ್ತಿಗೆ ಇದ್ದಕ್ಕಿದ್ದಂತೆ ನಿಂತಿದ್ದರೆ, ಆ ವರ್ಷ ಸಂಸ್ಥಾನ ತಂದ ವೃತ್ತಪತ್ರಿಕೆಗಳ ಕಾನೂನಿಗೆ ಸಂಬಂಧಿಸಿದ ಕಡತಗಳನ್ನು ತರಿಸಿ ನೋಡಬೇಕು. ಆ ಕಾನೂನನ್ನು ಪ್ರತಿಭಟಿಸಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರಂಥವರೇ ಪತ್ರಿಕೆ ನಿಲ್ಲಿಸಿದ್ದರು.

ಬೈಂಡು ಮೇಜಿಗೆ ಬಂದ ಮೇಲೆ ಪೆನ್ನನ್ನು ಜೇಬಿನಲ್ಲೇ ಬಿಟ್ಟು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬೇಕು. ಮರದ ತಿರುಳಿನಿಂದ ಮಾಡಿದ ಸುದ್ದಿಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಹಪ್ಪಳದಂತಾಗಿರುತ್ತದೆ. ಎಂಜಲು ಹಚ್ಚಿ ಮಗುಚಿದರೆ ಮೂಲೆ ಕೈಗೆ ಬರುತ್ತದೆ. ಪುಟವನ್ನು ಮೇಲಿನ ತುದಿಯಿಂದ ಅಂಗೈ ಕೊಟ್ಟು ತಿರುಗಿಸಬೇಕು. ಪುಟಗಳನ್ನು ಚಿಕ್ಕದಾಗಿ ಚಿತ್ರ ತೆಗೆದಿಟ್ಟ ಮೈಕ್ರೋಫಿಲ್ಮ್ ಇದ್ದರೆ ಮೂಲ ಪ್ರತಿಯನ್ನು ಕೇಳದಿರುವುದೇ ಸಭ್ಯತೆ. ಅನುಮತಿ ಪಡೆದು ಫೋಟೋ ತೆಗೆಯುವಾಗ ಬೇಕಾದ ಸುದ್ದಿಯ ಜೊತೆಗೆ ಇಡೀ ಪುಟವನ್ನೂ, ಸಂಪುಟ, ಸಂಚಿಕೆ, ತಾರೀಖುಗಳಿರುವ ಮೊದಲ ಪುಟದ ತಲೆಭಾಗವನ್ನೂ ತೆಗೆದುಕೊಳ್ಳಬೇಕು. ಕತ್ತರಿಸಿದಂತೆ ಕಾಣುವ ಒಂದು ಚೂರು ಚಿತ್ರದಿಂದ ಆರು ತಿಂಗಳ ಮೇಲೆ ಯಾವ ಪ್ರಯೋಜನವೂ ಇಲ್ಲ. ಸ್ಕ್ಯಾನ್ ಆದ ಪ್ರತಿಗಳಲ್ಲಿ ಪದ ಹಾಕಿ ಹುಡುಕುವ ಸೌಲಭ್ಯವನ್ನು ಪೂರ್ತಿ ನಂಬಬಾರದು. ಹಳೆಯ ಅಚ್ಚುಮೊಳೆಯ ಒತ್ತಕ್ಷರಗಳನ್ನು ಯಂತ್ರ ಆಗಾಗ ತಪ್ಪಾಗಿ ಓದುತ್ತದೆ.

ಬೈಂಡಿನಲ್ಲಿ ಇಲ್ಲದ ಸಂಚಿಕೆಗಳ ಪಟ್ಟಿಯನ್ನೂ ಬರೆದುಕೊಂಡು ಒಂದು ಪ್ರತಿಯನ್ನು ಅಲ್ಲಿನ ಸಿಬ್ಬಂದಿಗೆ ಕೊಡುವುದು ಒಳ್ಳೆಯದು. ಅವುಗಳಲ್ಲಿ ಒಂದು ಯಾರದೋ ಮನೆಯ ಅಟ್ಟದ ಟ್ರಂಕಿನಲ್ಲಿ ಸಿಕ್ಕರೆ ಅದಕ್ಕೆ ಸೆಲ್ಲೋಟೇಪು ಅಂಟಿಸದೆ, ಲ್ಯಾಮಿನೇಷನ್ ಮಾಡಿಸದೆ, ಮಡಿಕೆ ಬಿಡಿಸಲೂ ಹೋಗದೆ, ಇದ್ದಂತೆಯೇ ಎರಡು ರಟ್ಟುಗಳ ನಡುವೆ ಇಟ್ಟು ಪತ್ರಾಗಾರಕ್ಕೆ ಒಯ್ಯಬೇಕು.