"ನನ್ನ ಕೈಯಲ್ಲಿ ಯಾರಿಗೂ ಏನೂ ಆಗಿಲ್ಲ"

ಹೇರ್ ಡೈ ಹಾಕುವ ಮುಂಚೆ ಪ್ಯಾಚ್ ಟೆಸ್ಟ್, ಅಂದರೆ ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತಾ ಅಂತ ನೋಡುವುದು, ಮಾಡಬೇಕಾ, ಬೇಡ್ವಾ? ನಾಲ್ಕು ಜನ ಬ್ಯೂಟಿಷಿಯನ್‌ಗಳು ಸೇರಿದ ಕಡೆ ಈ ಪ್ರಶ್ನೆ ಎತ್ತಿ ನೋಡಿ, ಜಗಳ ಗ್ಯಾರಂಟಿ. ನಾನು ದಾವಣಗೆರೆಯಲ್ಲಿ ಪಾರ್ಲರ್ ನಡೆಸುತ್ತೇನೆ. ಟೆಸ್ಟ್ ಮಾಡದೆ ಯಾರ ತಲೆಗೂ ಕಲರ್ ಮುಟ್ಟಿಸುವುದಿಲ್ಲ. ಇದಕ್ಕಾಗಿ ಮಾತು ಕೇಳಿದ್ದೇನೆ, ಕೆಲವು ಕಸ್ಟಮರ್‌ಗಳನ್ನೂ ಬಿಟ್ಟುಕೊಟ್ಟಿದ್ದೇನೆ. ಈ ನಿಯಮಕ್ಕೆ ಹೇಗೆ ಬಂದೆ, ದಿನಾ ಹೇಗೆ ನಡೆಸುತ್ತಿದ್ದೇನೆ ಅಂತ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಬ್ಬ ಹಿರಿಯ ಅಕ್ಕ ಇದ್ದಾರೆ. ಕಲರ್ ವಿಷಯದಲ್ಲಿ ಅವರಷ್ಟು ಗೊತ್ತಿರುವವರು ಈ ಊರಲ್ಲಿ ಕಡಿಮೆ. ಯಾವ ಬಿಳಿ ಕೂದಲು ಬಣ್ಣ ಹಿಡಿಯುತ್ತೆ, ಯಾವುದು ಹಿಡಿಯಲ್ಲ ಅಂತ ಬೆರಳಲ್ಲಿ ಮುಟ್ಟಿಯೇ ಹೇಳುತ್ತಾರೆ. ಒಂದು ಟ್ರೇನಿಂಗ್ ಮುಗಿದ ಮೇಲೆ ಟೀ ಕುಡಿಯುತ್ತಾ ಅವರು ಹೇಳಿದರು, "ನಿನಗಿಂತ ಎಷ್ಟೋ ಮುಂಚೆಯಿಂದ ಡೈ ಹಾಕ್ತಾ ಇದೀನಿ ಕಣಮ್ಮ. ನನ್ನ ಕೈಯಲ್ಲಿ ಇವತ್ತಿನವರೆಗೂ ಯಾರಿಗೂ ಏನೂ ಆಗಿಲ್ಲ. ಸುಮ್ನೆ ಜನರನ್ನ ಹೆದರಿಸಬೇಡ." ಅದೇ ಟ್ರೇನಿಂಗ್‌ನಲ್ಲಿ ಕಂಪನಿಯ ಕಡೆಯಿಂದ ಬಂದಿದ್ದವರು, "ಇದು ಅಮೋನಿಯಾ ಇಲ್ಲದ ಕಲರ್ ಮೇಡಂ, ಟೆಸ್ಟ್ ಏನೂ ಬೇಕಿಲ್ಲ" ಅಂದಿದ್ದರು. ಅನುಭವವೂ ಕಂಪನಿಯೂ ಒಂದೇ ಕಡೆ ನಿಂತರೆ ಹೊಸಬರು ಯಾರನ್ನು ನಂಬಬೇಕು?

ಅಮೋನಿಯಾ ಮಾತು ಮೊದಲು ಮುಗಿಸುತ್ತೇನೆ. ಅಮೋನಿಯಾದ ಕೆಲಸ ಕೂದಲಿನ ಹೊರಪದರ ತೆರೆಯುವುದು. ಅದನ್ನು ತೆಗೆದ ಕಲರ್‌ಗಳಲ್ಲಿ ಸಾಮಾನ್ಯವಾಗಿ ಎಥನಾಲಮೀನ್ ಅಂತ ಇನ್ನೊಂದು ಹಾಕಿರುತ್ತಾರೆ. ಮೂಗಿಗೆ ಘಾಟು ಕಡಿಮೆ, ಅಷ್ಟೇ. ಅಲರ್ಜಿ ತರುವುದು ಹೆಚ್ಚಾಗಿ ಪಿಪಿಡಿ, ಅಂದರೆ ಪ್ಯಾರಾ ಫಿನೈಲೀನ್ ಡೈಅಮೀನ್. ಕಪ್ಪು, ಗಾಢ ಕಂದು ಬರಬೇಕಾದರೆ ಅದೋ ಅದರ ನೆಂಟನಾದ ಪಿಟಿಡಿಯೋ (ಟೊಲುಯಿನ್ ಡೈಅಮೀನ್) ಬಹುತೇಕ ಇದ್ದೇ ಇರುತ್ತೆ. ಬಾಕ್ಸಿನ ಮುಂದೆ ದಪ್ಪಕ್ಷರದಲ್ಲಿ "ಅಮೋನಿಯಾ ಫ್ರೀ" ಅಂತ ಇರುತ್ತೆ, ಹಿಂದೆ ಸಣ್ಣಕ್ಷರದಲ್ಲಿ ಪಿಪಿಡಿ ಇರುತ್ತೆ. ತಿರುಗಿಸಿ ಓದಬೇಕು.

"ಹರ್ಬಲ್" ಕಥೆಯೂ ಹೀಗೇ. ಮೆಹಂದಿ ಎಲೆ ಕೊಡುವುದು ಕೆಂಪು. ಅದರ ಮೇಲೆ ನೀಲಿ ಗಿಡದ (ಇಂಡಿಗೊ) ಎಲೆ ಪುಡಿ ಹಚ್ಚಿ ಕಾದರೆ ಕಪ್ಪಿನ ಹತ್ತಿರ ಬರುತ್ತೆ. ಒಂದೇ ಸಲಕ್ಕೆ, ಅರ್ಧ ಗಂಟೆಯಲ್ಲಿ ಕಡುಕಪ್ಪು ಕೊಡುವ "ಕಪ್ಪು ಮೆಹಂದಿ" ಪುಡಿಯಲ್ಲಿ ಎಲೆ ಬಿಟ್ಟು ಬೇರೇನೋ ಇದೆ ಅಂತಲೇ ಅರ್ಥ. ಎಷ್ಟೋ ಸಲ ಆ ಬೇರೇನೋ ಪಿಪಿಡಿಯೇ.

ಇನ್ನು ಅಕ್ಕನ ಮಾತು. ಅದು ಸುಳ್ಳಲ್ಲ, ಅದಕ್ಕೇ ಅದು ಅಪಾಯ. ಪಿಪಿಡಿ ಅಲರ್ಜಿ ಕುರ್ಚಿಯಲ್ಲಿ ಕೂತಾಗಲೇ ಕಾಣಿಸುವುದು ಅಪರೂಪ. ಮೈ ಅದನ್ನು ಒಮ್ಮೆ ಗುರುತು ಹಿಡಿದ ಮೇಲೆ, ಮುಂದಿನ ಸಲ ಹಚ್ಚಿದಾಗ ಒಂದರಿಂದ ಮೂರು ದಿನದೊಳಗೆ ತುರಿಕೆ, ಕೆಂಪು, ನೀರುಗುಳ್ಳೆ ಏಳುತ್ತವೆ. ತಲೆಗೆ ಹಚ್ಚಿದರೂ ಊದುವುದು ರೆಪ್ಪೆ, ಕಿವಿ, ಹಣೆ. ಅಷ್ಟು ಹೊತ್ತಿಗೆ ಕಸ್ಟಮರ್ ಮನೆಯಲ್ಲಿರುತ್ತಾರೆ, ಇಲ್ಲವೇ ಚರ್ಮದ ಡಾಕ್ಟರ ಹತ್ತಿರ. ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಒಮ್ಮೆ ಒಬ್ಬ ಟೀಚರ್ ಥ್ರೆಡಿಂಗ್‌ಗೆ ಬಂದಿದ್ದರು. ಪೂರ್ತಿ ನರೆತ ತಲೆ. ಕಲರ್ ಹಾಕಿಸಲ್ವಾ ಮೇಡಂ ಅಂತ ಕೇಳಿದೆ. ಬೇರೆ ಕಡೆ ಹಾಕಿಸಿಕೊಂಡ ಮೂರನೇ ದಿನ ಕಣ್ಣು ಬಿಡಲಾಗದ ಹಾಗೆ ರೆಪ್ಪೆ ಊದಿದ್ದು, ಇಂಜೆಕ್ಷನ್ ತಗೊಂಡಿದ್ದು, ಸ್ಕೂಲಿಗೆ ರಜೆ ಹಾಕಿದ್ದು ಎಲ್ಲಾ ಹೇಳಿದರು. "ಆ ಪಾರ್ಲರ್‌ನವರಿಗೆ ಹೇಳಿದ್ರಾ?" ಅಂದೆ. "ಹೇಳೋದೇನು, ಆಮೇಲೆ ಆ ಕಡೆ ಹೋಗಲೇ ಇಲ್ಲ" ಅಂದರು. ಯಾವ ಪಾರ್ಲರ್ ಅಂತ ನಾನು ಕೇಳಲಿಲ್ಲ. ಅಲ್ಲಿಯವರೂ "ನಮ್ಮ ಕೈಯಲ್ಲಿ ಯಾರಿಗೂ ಏನೂ ಆಗಿಲ್ಲ" ಅಂತಲೇ ಹೇಳುತ್ತಿರಬಹುದು, ಮನಸ್ಸಾರೆ ನಂಬಿಕೊಂಡೇ ಹೇಳುತ್ತಿರಬಹುದು. ಶೇಡ್ ಬಗ್ಗೆ ನಮ್ಮ ಅನುಭವಕ್ಕೆ ಬೆಲೆ ಇದೆ, ಯಾಕೆಂದರೆ ಬಣ್ಣ ಕೆಟ್ಟರೆ ಅದು ಕನ್ನಡಿಯಲ್ಲಿ ಆಗಲೇ ಕಾಣುತ್ತೆ. ಅಲರ್ಜಿ ಬಗ್ಗೆ ಆ ಅನುಭವಕ್ಕೆ ಕಣ್ಣೇ ಇಲ್ಲ. ಮೂರನೇ ದಿನವನ್ನು ನೋಡುವವರು ಚರ್ಮದ ಡಾಕ್ಟರು. ಅದಕ್ಕೇ ಈ ಒಂದು ವಿಷಯದಲ್ಲಿ ನಾನು ಅವರ ಮಾತು ಕೇಳುತ್ತೇನೆ.

ಇನ್ನೊಂದು ಸಾಕ್ಷಿ ನಮ್ಮ ಕೈಯಲ್ಲೇ ಇರುತ್ತೆ, ಬಾಕ್ಸಿನೊಳಗಿನ ಚೀಟಿ. ಪಿಪಿಡಿ ಇರುವ ಡೈ ಮೇಲೆ ಎಚ್ಚರಿಕೆ ಹಾಕಲೇಬೇಕು ಅಂತ ಮುಂಚೆ 1945ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮಗಳಲ್ಲಿತ್ತು, ಈಗ 2020ರ ಕಾಸ್ಮೆಟಿಕ್ಸ್ ನಿಯಮಗಳಲ್ಲಿದೆ. ಕಿವಿ ಹಿಂದೆಯೋ ಮೊಣಕೈ ಕೆಳಗೆ ಒಳಭಾಗದಲ್ಲೋ ಹಚ್ಚಿ 24 ಗಂಟೆ ನೋಡಿ, ಪ್ರತಿ ಸಲ ಹಾಕುವ ಮುಂಚೆಯೂ ಮಾಡಿ, ಹುಬ್ಬು ರೆಪ್ಪೆಗೆ ಹಚ್ಚಲೇಬೇಡಿ, ಕಣ್ಣು ಹೋಗಬಹುದು ಅಂತ ಅದರ ಸಾರಾಂಶ. ಕಣ್ಣಿನ ಮಾತು ಸುಮ್ನೆ ಬರೆದದ್ದಲ್ಲ. 1933ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಅನ್ನುವ ರೆಪ್ಪೆ ಬಣ್ಣದಿಂದ ಹೆಂಗಸರು ಕಣ್ಣು ಕಳೆದುಕೊಂಡರು, ಒಬ್ಬರ ಜೀವವೂ ಹೋಯಿತು. ಅದರಲ್ಲಿದ್ದದ್ದು ಪಿಪಿಡಿ. ಅಲ್ಲಿ 1938ರಲ್ಲಿ ಕಾಸ್ಮೆಟಿಕ್ಸ್ ಅನ್ನೂ ಕಾನೂನಿನೊಳಗೆ ತಂದದ್ದಕ್ಕೆ ಇದೂ ಒಂದು ಕಾರಣ. ಇವತ್ತಿಗೂ "ಹುಬ್ಬಿಗೂ ಸ್ವಲ್ಪ ಹಚ್ಚಿಬಿಡಿ" ಅನ್ನುವ ಕಸ್ಟಮರ್ ಇದ್ದಾರೆ, ಹಚ್ಚುವವರೂ ಇದ್ದಾರೆ. ನನಗೆ ಮೈ ಉರಿಯುತ್ತೆ.

ಈಗ ನಾನು ಮಾಡುವ ರೀತಿ. ಮೊದಲು ಕೇಳುತ್ತೇನೆ: ಡೈ ಹಾಕಿದಾಗ ಯಾವತ್ತಾದರೂ ಕಿವಿ ಹಿಂದೆ, ಕತ್ತಿನ ಹತ್ತಿರ ತುರಿಸಿತ್ತಾ? ಮದುವೆಯಲ್ಲಿ, ಜಾತ್ರೆಯಲ್ಲಿ ಕಪ್ಪು ಮೆಹಂದಿ ಕೋನ್ ಹಾಕಿಸಿಕೊಂಡು ಕೈಯಲ್ಲಿ ಡಿಸೈನ್ ಇದ್ದ ಕಡೆ ಗುಳ್ಳೆ ಎದ್ದಿತ್ತಾ? ಹೌದು ಅಂದರೆ ಟೆಸ್ಟನ್ನೂ ಮಾಡುವುದಿಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗಿ ಅನ್ನುತ್ತೇನೆ. ಇಲ್ಲ ಅಂದರೆ ಕಿವಿ ಹಿಂದೆ ಸೋಪು ನೀರಲ್ಲಿ ಒರೆಸಿ, ಆರಿದ ಮೇಲೆ ಇಯರ್ ಬಡ್‌ನಲ್ಲಿ ಕಡಲೆ ಬೇಳೆಯಷ್ಟು ಹಚ್ಚುತ್ತೇನೆ. ಡೆವಲಪರ್ (ಬಣ್ಣ ಬರಲು ಕಲರ್ ಜೊತೆ ಕಲೆಸುವ ದ್ರವ) ಬೆರೆಸಿ ಹಚ್ಚಬೇಕಾ, ಬೆರೆಸದೆಯಾ ಅನ್ನುವುದು ಇನ್ನೊಂದು ದೊಡ್ಡ ಜಗಳ. ಆಯಾ ಬಾಕ್ಸಿನ ಚೀಟಿಯಲ್ಲಿ ಹೇಗಿದೆಯೋ ಹಾಗೆ ಮಾಡುತ್ತೇನೆ, ಅದರ ಮೇಲೆ ನನ್ನ ಬುದ್ಧಿ ಓಡಿಸುವುದಿಲ್ಲ. ಹಚ್ಚಿದ ದಿನ, ಗಂಟೆ, ಬ್ರ್ಯಾಂಡ್, ಶೇಡ್ ನಂಬರ್ ಬರೆದು ಅವರ ಸಹಿ ಹಾಕಿಸುತ್ತೇನೆ. ತಲೆಗೆ ಹಾಕುವುದೂ ಅದೇ ಶೇಡ್ ಆಗಿರಬೇಕು. ಹೊಸಬರಿಗೆ 24 ಗಂಟೆ ಬದಲು ಎರಡು ದಿನ ಕಾಯಿರಿ ಅನ್ನುತ್ತೇನೆ. ಮದುಮಗಳಾದರೆ ಬುಕಿಂಗ್ ದಿನವೇ ಟೆಸ್ಟ್, ಕಲರ್‌ಗೆ ಎರಡು ದಿನ ಮುಂಚೆ ಇನ್ನೊಮ್ಮೆ.

ಎರಡು ಸಲ ಯಾರು ಬರ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಐದು ನಿಮಿಷದ ಕೆಲಸಕ್ಕೆ ದುಡ್ಡು ತಗೊಳ್ಳುವುದಿಲ್ಲ. ಥ್ರೆಡಿಂಗ್‌ಗೋ ವ್ಯಾಕ್ಸಿಂಗ್‌ಗೋ ಬಂದಾಗ ಹಚ್ಚಿ ಕಳಿಸುತ್ತೇನೆ, ಅವರು ಕಲರ್‌ಗೆ ಒಂದೆರಡು ದಿನ ಬಿಟ್ಟು ಬರುತ್ತಾರೆ. ತಿಂಗಳಿಗೊಮ್ಮೆ ಬುಡದ ಬಿಳಿ ಕೂದಲಿಗೆ ರೂಟ್ ಟಚ್‌ಅಪ್‌ಗೆ ಬರುವವರು ಹಿಂದಿನ ದಿನ ಸಂತೆಗೆ ಹೋಗುವಾಗಲೋ ಮಗುವನ್ನು ಟ್ಯೂಷನ್‌ಗೆ ಬಿಡುವಾಗಲೋ ಬಾಗಿಲಲ್ಲೇ ನಿಂತು ಹಚ್ಚಿಸಿಕೊಂಡು ಹೋಗುತ್ತಾರೆ. ಇವತ್ತೇ ಬೇಕು, ಸಂಜೆ ಫಂಕ್ಷನ್ ಇದೆ ಅನ್ನುವವರು ಬೇರೆ ಕಡೆ ಹೋಗುತ್ತಾರೆ. ಹೋಗಲಿ.

ನನ್ನ ವಿರುದ್ಧದ ವಾದಗಳಲ್ಲಿ ಒಂದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಪದೇ ಪದೇ ಟೆಸ್ಟ್ ಮಾಡಿದರೆ ಅಲರ್ಜಿ ಇಲ್ಲದವರಿಗೂ ಅದರಿಂದಲೇ ಶುರುವಾಗಬಹುದಲ್ವಾ ಅನ್ನುವ ಪ್ರಶ್ನೆ. ಚರ್ಮದ ಡಾಕ್ಟರಲ್ಲೂ ಹೀಗೆ ಹೇಳುವವರಿದ್ದಾರೆ. ಅದೂ ಅಲ್ಲದೆ ನಮ್ಮ ಟೆಸ್ಟಿನಲ್ಲಿ ಏನೂ ಕಾಣದೆ ಆಮೇಲೆ ಊದುವುದೂ ಉಂಟು. ಆಸ್ಪತ್ರೆಯಲ್ಲಿ ಬೆನ್ನಿನ ಮೇಲೆ ವ್ಯಾಸಲಿನ್‌ನಲ್ಲಿ ಬೆರೆಸಿದ 1% ಪಿಪಿಡಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಮತ್ತೆ ಒಂದೆರಡು ದಿನದ ಮೇಲೂ ನೋಡುತ್ತಾರೆ. ಅದಕ್ಕೂ ನನ್ನ ಕಿವಿ ಹಿಂದಿನ ಚುಕ್ಕೆಗೂ ಹೋಲಿಕೆ ಇಲ್ಲ. ಹಾಗಾಗಿ "ನಿಮಗೆ ಅಲರ್ಜಿ ಇಲ್ಲ" ಅಂತ ನಾನು ಯಾರಿಗೂ ಹೇಳುವುದಿಲ್ಲ. "ಸದ್ಯಕ್ಕೆ ಏನೂ ಕಾಣ್ತಿಲ್ಲ, ಹಾಕಿದ ಮೇಲೆ ತುರಿಸಿದರೆ ತಕ್ಷಣ ತೊಳೆದು ಫೋನ್ ಮಾಡಿ" ಅನ್ನುತ್ತೇನೆ. ಕಲರ್ ಹಾಕಿದ ಮೂರನೇ ದಿನ ನಾನೇ ಫೋನ್ ಮಾಡಿ ಕೇಳುತ್ತೇನೆ. ಈ ಒಂದು ಫೋನ್ ಮಾಡದವರು "ಯಾರಿಗೂ ಏನೂ ಆಗಿಲ್ಲ" ಅನ್ನುವ ಮಾತು ಆಡಬಾರದು ಅಂತ ಆ ಅಕ್ಕನಿಗೂ ಹೇಳಿದ್ದೇನೆ.

ಕಸ್ಟಮರ್‌ಗಿಂತ ಜಾಸ್ತಿ ಇದು ತಾಗುವುದು ನಮಗೇ. ಅವರು ತಿಂಗಳಿಗೊಮ್ಮೆ ಮುಟ್ಟುವುದನ್ನು ನಾವು ದಿನಾ ಮುಟ್ಟುತ್ತೇವೆ. ಕೆಲಸ ಕಲಿಯಲು ಬರುವ ಹುಡುಗಿಯರ ಬೆರಳ ಸಂದಿ ಒಡೆದಿದ್ದರೆ ಸೋಪಿಂದ ಇರಬೇಕು ಅಂತ ಸುಮ್ಮನಿರುತ್ತಾರೆ. ಪಿಪಿಡಿ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತೆ, ಈ ಕಸುಬೇ ಬಿಡಬೇಕಾಗಬಹುದು. ನನ್ನ ಹತ್ತಿರ ಕಲಿಯುವವರು ಕಲರ್ ಕಲೆಸುವಾಗಿಂದ ತಲೆ ತೊಳೆಯುವವರೆಗೂ ನೈಟ್ರೈಲ್ ಗ್ಲೌಸ್ ತೆಗೆಯುವ ಹಾಗಿಲ್ಲ. ಒಮ್ಮೆ ತೆಗೆದದ್ದನ್ನು ತಿರುಗಿಸಿ ಮತ್ತೆ ಹಾಕುವ ಹಾಗೂ ಇಲ್ಲ. ಗ್ಲೌಸ್ ಖರ್ಚನ್ನು ಕಲರ್ ರೇಟಿನಲ್ಲೇ ಸೇರಿಸಿದ್ದೇನೆ.