ಫ್ರೆಂಚ್ ರಾಜಕೀಯ ಸುದ್ದಿಯನ್ನು ಇಂಗ್ಲಿಷಿಗೆ ತರುವುದು ಹೇಗೆ?

ಫ್ರೆಂಚ್ ಕಲಿತು ಅನುವಾದದ ಕೆಲಸ ಹಿಡಿದವರಿಗೆ ರಾಜಕೀಯ ಸುದ್ದಿ ಮೊದಲ ನೋಟಕ್ಕೆ ಸುಲಭ ಅನ್ನಿಸುತ್ತದೆ. ಅರ್ಧಕ್ಕರ್ಧ ಪದಗಳು ಇಂಗ್ಲಿಷಿನಂತೆಯೇ ಕಾಣುತ್ತವೆ. ತೊಂದರೆ ಇರುವುದೇ ಅಲ್ಲಿ.

ಹಾಗಾಗಿ ಮೊದಲು ಅಂಥ ಪದಗಳಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. 'ದೆಪ್ಯುತೆ' ಎಂದರೆ ಡೆಪ್ಯುಟಿ ಕಮಿಷನರ್ ಥರದ ಡೆಪ್ಯುಟಿ ಅಲ್ಲ. ಫ್ರೆಂಚ್ ಸಂಸತ್ತಿನ ಕೆಳಮನೆ ನ್ಯಾಷನಲ್ ಅಸೆಂಬ್ಲಿಯ 577 ಸದಸ್ಯರಲ್ಲಿ ಒಬ್ಬರು. ಎಂಪಿ ಎಂದರೆ ಸಾಕು. 'ಲಿಬೆರಾಲ್' ಇನ್ನೂ ಮೋಸದ್ದು. ಅಮೆರಿಕದಲ್ಲಿ ಲಿಬರಲ್ ಎಂದರೆ ಎಡಕ್ಕೆ ವಾಲಿದವರು. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಮಾರುಕಟ್ಟೆಗೆ ಸರ್ಕಾರ ಕೈ ಹಾಕಬಾರದು ಎನ್ನುವವರು. ಫ್ರೀ-ಮಾರ್ಕೆಟ್ ಎಂದು ಬರೆಯಿರಿ.

ಆಮೇಲೆ ಪದದ ರೂಪ ಬಿಟ್ಟು ಅದು ಮಾಡುವ ಕೆಲಸ ನೋಡಿ. 'ಮೋಸ್ಯೋಂ ದ ಸಾಂಸ್ಯೂರ್' ಕಂಡರೆ ಸೆನ್ಷರ್ ಮೋಷನ್, ಅಂದರೆ ಖಂಡನಾ ನಿರ್ಣಯ, ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ನಮ್ಮ ಲೋಕಸಭೆಯಲ್ಲಿ ಸೆನ್ಷರ್ ಮೋಷನ್ ಗೆದ್ದರೂ ಸರ್ಕಾರ ಇಳಿಯಲೇಬೇಕೆಂದಿಲ್ಲ. ಫ್ರಾನ್ಸಿನಲ್ಲಿ ಇಳಿಯಲೇಬೇಕು. 2024ರ ಡಿಸೆಂಬರ್‌ನಲ್ಲಿ 331 ಸದಸ್ಯರು ಮತ ಹಾಕಿ ಪ್ರಧಾನಿ ಮಿಶೆಲ್ ಬಾರ್ನಿಯೇ ಸರ್ಕಾರವನ್ನು ಬೀಳಿಸಿದ್ದು ಇದರಿಂದಲೇ. ಅದಕ್ಕೂ ಹಿಂದೆ ಹಾಗೆ ಆಗಿದ್ದು 1962ರಲ್ಲಿ. ಅಂದಮೇಲೆ ನೋ-ಕಾನ್ಫಿಡೆನ್ಸ್ ಮೋಷನ್ (ಅವಿಶ್ವಾಸ ನಿರ್ಣಯ) ಅನ್ನುವುದೇ ಸರಿ, ಅಲ್ವಾ?

ಕಟ್ಟಡಗಳ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಾತಿನ್ಯೋಂ ಎಂದರೆ ಪ್ರಧಾನಿ ಕಚೇರಿ, ಬೆರ್ಸಿ ಎಂದರೆ ಹಣಕಾಸು ಸಚಿವಾಲಯ. ಹಾಗೆಂದೇ ಬರೆದುಬಿಡಿ.

ಇಂಗ್ಲಿಷಿನಲ್ಲಿ ಜೋಡಿಯೇ ಇಲ್ಲದ ಪದ ಬಂದರೆ ನಡೆದದ್ದನ್ನು ಹೇಳಿ. 'ಲ 49.3' ಎಂದರೆ ಸಂವಿಧಾನದ 49ನೇ ವಿಧಿಯ ಮೂರನೇ ಪ್ಯಾರಾ. ಸರ್ಕಾರ ಇದನ್ನು ಬಳಸಿದರೆ ಅಸೆಂಬ್ಲಿಯಲ್ಲಿ ಮಸೂದೆ ಮತಕ್ಕೆ ಹೋಗದೆಯೇ ಪಾಸಾಗುತ್ತದೆ. 24 ಗಂಟೆಯೊಳಗೆ ಅವಿಶ್ವಾಸ ನಿರ್ಣಯ ಸಲ್ಲಿಸಿ, ಅದು ಗೆದ್ದರೆ ಮಾತ್ರ ತಡೆ. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು 2023ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಎಲಿಜಬೆತ್ ಬೋರ್ನ್ ಬಳಸಿದ್ದು ಇದನ್ನೇ. 'ಫೋರ್ಸ್ಡ್ ಥ್ರೂ ವಿದೌಟ್ ಎ ವೋಟ್' ಎಂದು ಶುರು ಮಾಡಿ. ವಿಧಿಯ ಸಂಖ್ಯೆ ಎರಡನೇ ಪ್ಯಾರಾಕ್ಕೆ ಇರಲಿ. 'ಕೊಆಬಿತಾಸ್ಯೋಂ' ಕೂಡ ಹೀಗೆಯೇ. 1986ರಲ್ಲಿ ಸಮಾಜವಾದಿ ಅಧ್ಯಕ್ಷ ಮಿತ್ತೆರಾಂ, ಬಲಪಂಥದ ಪ್ರಧಾನಿ ಶಿರಾಕ್ ಒಟ್ಟಿಗೆ ಆಡಳಿತ ನಡೆಸಬೇಕಾಯಿತು. ಬರೀ ಕೊಹ್ಯಾಬಿಟೇಷನ್ ಎಂದು ಬಿಟ್ಟರೆ ಇಂಗ್ಲಿಷ್ ಓದುಗ ಮದುವೆಯಾಗದೆ ಒಟ್ಟಿಗಿರುವ ಜೋಡಿಯನ್ನು ನೆನೆಸಿಕೊಳ್ಳುತ್ತಾನೆ!

ಚುಚ್ಚುಮಾತು ಬಂದಾಗ ಓದುವವರು ಯಾರು ಎಂದು ಕೇಳಿಕೊಳ್ಳಿ. 'ಗೋಶ್ ಕಾವಿಯಾರ್', ಅಂದರೆ ಬಡವರ ಪರ ಮಾತಾಡುತ್ತ ಐಷಾರಾಮದಲ್ಲಿ ಬದುಕುವವರು, ಬ್ರಿಟನ್ನಿನ ಪತ್ರಿಕೆಗೆ ಶಾಂಪೇನ್ ಸೋಷಿಯಲಿಸ್ಟ್ ಆಗುತ್ತಾರೆ. ಅಮೆರಿಕಕ್ಕಾದರೆ ಲಿಮೊಸಿನ್ ಲಿಬರಲ್.

ಕೊನೆಗೆ ಕ್ರಿಯಾಪದಗಳನ್ನೆಲ್ಲ ಇನ್ನೊಮ್ಮೆ ನೋಡಿ. ನನ್ನ ಪ್ರಕಾರ ಜಾಸ್ತಿ ಅಪಾಯ ಇರುವುದು ಇಲ್ಲೇ. 'ಲ ಮಿನಿಸ್ತ್ರ್ ಒರೆ ದೆಮಿಸ್ಯೊನೆ' ಎಂಬ ವಾಕ್ಯವನ್ನು ವ್ಯಾಕರಣ ಪುಸ್ತಕ ನಂಬಿ 'ವುಡ್ ಹ್ಯಾವ್ ರಿಸೈನ್ಡ್' ಎಂದು ಬರೆದರೆ ಸಚಿವರು ರಾಜೀನಾಮೆ ಕೊಡಲೇ ಇಲ್ಲ ಎಂದಾಗುತ್ತದೆ. ಪತ್ರಿಕೆಯ ಫ್ರೆಂಚಿನಲ್ಲಿ ಅದರ ಅರ್ಥ 'ರಾಜೀನಾಮೆ ಕೊಟ್ಟಿದ್ದಾರಂತೆ'. ನಮ್ಮ 'ಅಂತೆ' ಮಾಡುವ ಕೆಲಸವನ್ನೇ ಆ ರೂಪ ಮಾಡುತ್ತದೆ. ಹಾಗಾಗಿ ಕನ್ನಡದವರಿಗೆ ಇದು ಬೇಗ ಹತ್ತುತ್ತದೆ. ಇಂಗ್ಲಿಷಿನಲ್ಲಿ 'ರಿಪೋರ್ಟೆಡ್ಲಿ' ಸೇರಿಸಿ. ಲಂಚದಂಥ ಆರೋಪವಾದರೆ 'ಅಲೆಜೆಡ್ಲಿ'. ಈ ಒಂದು ಪದ ಬಿಟ್ಟುಹೋದರೆ ವದಂತಿಯನ್ನು ನಿಜವೆಂದು ಅಚ್ಚು ಹಾಕಿದಂತೆ. ಮಾರನೇ ದಿನ ಸಂಪಾದಕರ ಮೇಜಿಗೆ ವಕೀಲರ ನೋಟಿಸ್ ಬಂದರೂ ಬಂತು.