ಕ್ಯಾರವಾನ್ ಮೂವರ್‌ಗೆ ಡ್ರಿಲ್ಲೋ ಹ್ಯಾಂಡಲ್ಲೋ?

ನಮ್ಮ ಕ್ಯಾರವಾನ್ (ಬೇರೆ ವಾಹನಕ್ಕೆ ಕಟ್ಟಿ ಎಳೆಯುವ ಚಕ್ರದ ಮನೆ) ಮಳೆಗಾಲವೆಲ್ಲ ಕಾಫಿ ಕಣದಲ್ಲೇ ನಿಂತಿರುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣು ಬರುತ್ತಿದ್ದಂತೆ ಕಣ ಖಾಲಿ ಮಾಡಲೇಬೇಕು. ಹಿಂದಿನ ಶೆಡ್ಡಿಗೆ ಹೋಗಲು ಪಲ್ಪರ್ ಮನೆಗೂ ಸಿಲ್ವರ್ ಓಕ್ ಮರಕ್ಕೂ ನಡುವಿನ ಸಂದಿಯೊಂದೇ ದಾರಿ. ಟ್ರ್ಯಾಕ್ಟರ್ ಕಟ್ಟಿಕೊಂಡು ಅಲ್ಲಿ ತಿರುಗಿಸುವ ಮಾತೇ ಇಲ್ಲ. ಅದಕ್ಕೇ ಮೋಟಾರ್ ಮೂವರ್, ಅಂದರೆ ಕ್ಯಾರವಾನನ್ನು ಅದರಷ್ಟಕ್ಕೇ ಸರಿಸುವ ಸಾಧನ, ಹಾಕಿಸಿದ್ದು. ಚಿಕ್ಕಮಗಳೂರಿನ ಕಡೆ ಇದನ್ನು ಬಳಸುವವರು ಕಡಿಮೆ. ನೋಡಿದವರೆಲ್ಲ ಮೊದಲು ಕೇಳುವುದು ಒಂದೇ: ‘ಇದನ್ನ ಟೈರಿಗೆ ಕೂರಿಸೋದು ಹೇಗೆ?’

ಎರಡೂ ಚಕ್ರದ ಪಕ್ಕ ಒಂದೊಂದು 12 ವೋಲ್ಟ್ ಮೋಟಾರ್, ಅದಕ್ಕೊಂದು ರೋಲರ್. ರೋಲರ್ ಟೈರಿಗೆ ಗಟ್ಟಿಯಾಗಿ ಒತ್ತಿ ಕೂತರೆ ರಿಮೋಟಿನಲ್ಲಿ ಗಾಡಿ ಹಿಂದೆ ಮುಂದೆ ಹೋಗುತ್ತದೆ. ನಿಂತಲ್ಲೇ ತಿರುಗುತ್ತದೆ ಕೂಡ. ದುಬಾರಿ ಮಾದರಿಗಳಲ್ಲಿ ಈ ಒತ್ತುವ ಕೆಲಸಕ್ಕೂ ಮೋಟಾರ್ ಇರುತ್ತದೆ. ನನ್ನದರಲ್ಲಿ ಕೈಯಿಂದಲೇ ಆಗಬೇಕು. ಎರಡೂ ಕಡೆಯನ್ನು ಒಂದು ಅಡ್ಡ ರಾಡ್ ಜೋಡಿಸಿದೆ. ಹಾಗಾಗಿ ಒಂದು ಕಡೆಯ ಬೋಲ್ಟ್ ತಿರುಗಿಸಿದರೆ ಸಾಕು, ಆಚೆ ಕಡೆ ರೋಲರ್ ಕೂಡ ಬಂದು ಕೂರುತ್ತದೆ. ಎರಡರ ಭಾರವೂ ಒಂದೇ ಬೋಲ್ಟಿನ ಮೇಲೆ ಬೀಳುವುದರಿಂದ ಸಲಕರಣೆ ಸರಿ ಇರಬೇಕು.

ನನ್ನ ಬೋಲ್ಟಿನ ತಲೆ 19 ಎಂ.ಎಂ. ನಿಮ್ಮದು ಬೇರೆ ಇರಬಹುದು, ಕಣ್ಣಂದಾಜು ಬೇಡ, ಕ್ಯಾಲಿಪರ್ ಇಟ್ಟು ನೋಡಿ. ಸಾಕೆಟ್ (ಬೋಲ್ಟಿನ ತಲೆಯ ಮೇಲೆ ಕೂತು ಅದನ್ನು ತಿರುಗಿಸುವ ಬಟ್ಟಲು) ಆರು ಮೂಲೆಯದ್ದೇ ಕೊಳ್ಳಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ. ಆದರೆ ಮಣ್ಣು ತುಂಬಿದ ಬೋಲ್ಟಿನ ಮೇಲೆ ಜಾರಿದರೆ ಮೂಲೆ ಸವೆಯುತ್ತದೆ, ಆಮೇಲೆ ಯಾವ ಸಾಕೆಟ್ ಹಾಕಿದರೂ ಹಿಡಿಯುವುದಿಲ್ಲ. ಆಳದ ಸಾಕೆಟ್ ಇದ್ದರೆ ಇನ್ನೂ ಒಳ್ಳೆಯದು, ಅಲುಗಾಡದೆ ನಿಲ್ಲುತ್ತದೆ.

ಬೋಲ್ಟ್ ಇರುವುದು ಗಾಡಿಯ ಅಂಚಿನಿಂದ ಸಾಕಷ್ಟು ಒಳಗೆ. ಎರಡು ಚಿಕ್ಕ ಎಕ್ಸ್‌ಟೆನ್ಶನ್ ರಾಡ್ ಜೋಡಿಸಿದರೆ ತಲುಪುತ್ತದೆ, ಆದರೆ ಜೋಡಣೆಯ ಜಾಗದಲ್ಲಿ ಸೊಟ್ಟ ಆಡುತ್ತದೆ. ನಾನು ಪೇಟೆಯ ಲೇತ್ ಅಂಗಡಿಯಲ್ಲಿ ಎರಡಡಿ ಗಟ್ಟಿ ರಾಡಿನ ತುದಿಗೆ ಸಾಕೆಟ್ ವೆಲ್ಡ್ ಮಾಡಿಸಿದೆ. ಇನ್ನೊಂದು ತುದಿಗೆ ತಿರುಗಿಸುವ ಸಲಕರಣೆ ಸಿಕ್ಕಿಸಲು ಅರ್ಧ ಇಂಚಿನ ಚೌಕ. ವೆಲ್ಡ್ ಮಾಡುವ ಮೊದಲು ಸಾಕೆಟ್ಟಿನ ಕ್ರೋಮ್ ಲೇಪ ಗ್ರೈಂಡ್ ಮಾಡಿ ತೆಗೆಯಬೇಕು. ಅದರ ಹೊಗೆ ಒಳ್ಳೆಯದಲ್ಲ, ವೆಲ್ಡೂ ಸರಿಯಾಗಿ ಹಿಡಿಯುವುದಿಲ್ಲ. ಬೋಲ್ಟಿನ ತಲೆಗೆ ಬಿಳಿ ಪೇಂಟ್ ಹಚ್ಚಿದ್ದೇನೆ. ಸಾಕೆಟ್ ಕೂರಿಸಲು ಗಾಡಿಯ ಕೆಳಗೆ ಬಗ್ಗಿ ಹುಡುಕುತ್ತಾ ಕೂತರೆ ಇಂಬಳಗಳಿಗೆ ಹಬ್ಬ!

ಈಗ ಡ್ರಿಲ್ಲಿನ ವಿಷಯ. 18 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್ ಇದಕ್ಕೆ ಸಾಕು. ಗೇರ್ ಒಂದರಲ್ಲಿ ಇಡಿ, ಕ್ಲಚ್ಚಿನ (ಬಿಗಿ ಮಿತಿ ಮೀರಿದಾಗ ತಿರುಗಿಸುವುದನ್ನು ನಿಲ್ಲಿಸುವ ಭಾಗ) ರಿಂಗ್ ಕಡಿಮೆ ನಂಬರಿನಿಂದ ಶುರು ಮಾಡಿ. ರೋಲರ್ ಟೈರನ್ನು ಮುಟ್ಟುವವರೆಗೆ ಸಲೀಸಾಗಿ ಓಡುತ್ತದೆ. ಅಲ್ಲಿಂದ ಮುಂದೆ ನಾನು ಡ್ರಿಲ್ ಬಿಟ್ಟು ಟಿ ಹ್ಯಾಂಡಲ್ ಹಿಡಿಯುತ್ತೇನೆ. ಕೊನೆಯ ಬಿಗಿ ಎಷ್ಟೆಂದು ಅಂಗೈಗೇ ಗೊತ್ತಾಗಬೇಕು. ರೋಲರ್ ರಬ್ಬರನ್ನು ಸ್ವಲ್ಪ ಒಳಕ್ಕೆ ತಳ್ಳುತ್ತದೆ, ಹ್ಯಾಂಡಲ್ ನಿಧಾನವಾಗಿ ಭಾರ ಆಗುತ್ತದೆ, ಮೂವರ್ ಮೇಲಿನ ಗುರುತಿನ ಸೂಚಿ ಗೆರೆಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಪೂರ್ತಿ ಡ್ರಿಲ್ಲಿನಲ್ಲೇ ಮಾಡುವವರೂ ಇದ್ದಾರೆ, ತಪ್ಪೇನಲ್ಲ. ಆದರೆ ಪಕ್ಕದ ಹಿಡಿ ಹಾಕಿಕೊಳ್ಳಿ. ಬೋಲ್ಟ್ ಕೊನೆ ಮುಟ್ಟಿದಾಗ ಡ್ರಿಲ್ ಗಕ್ಕನೆ ತಿರುಗಿ ಮಣಿಕಟ್ಟು ತಿರುಚುತ್ತದೆ.

ಇಂಪ್ಯಾಕ್ಟ್ ಡ್ರೈವರ್ ಮಾತ್ರ ಬೇಡವೇ ಬೇಡ. ಗ್ಯಾರೇಜಿನವರು ಅದನ್ನೇ ಮೊದಲು ತೆಗೆಯುತ್ತಾರೆ, ವೀಲ್ ನಟ್ ಬಿಚ್ಚಿ ಅಭ್ಯಾಸ. ಅದರಲ್ಲಿ ಸಾಮಾನ್ಯವಾಗಿ ಕ್ಲಚ್ ಇರುವುದಿಲ್ಲ, ಸುತ್ತಿಗೆಯಂತೆ ಬಡಿದು ಬಡಿದು ತಿರುಗಿಸುತ್ತದೆ. ಒಳಗಿನ ಸ್ಕ್ರೂ, ಕೊನೆಯ ತಡೆ ಎರಡಕ್ಕೂ ಆ ಪೆಟ್ಟು ಬೀಳುತ್ತದೆ. ಗಾಡಿಯ ಜೊತೆ ಬರುವ ಎಲ್ ಆಕಾರದ ವೀಲ್ ಸ್ಪ್ಯಾನರ್ ನಡೆಯುತ್ತದೆ, ಆದರೆ ಅದು ಗಿಡ್ಡ, ಅರ್ಧ ಸುತ್ತಿಗೊಮ್ಮೆ ನೆಲಕ್ಕೆ ಬಡಿಯುತ್ತದೆ. ತುರ್ತಿಗೆ ಇರಲಿ.

ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಎಷ್ಟು ತಿರುಗಿಸಿದರೂ ರೋಲರ್ ಜಾರುತ್ತದೆ. ಅದಕ್ಕೆ ಮೊದಲು ಗೇಜ್ ಹಿಡಿದು ನೋಡಿಬಿಡಿ. ಕೆಮ್ಮಣ್ಣು ಅಂಟಿದ್ದರೂ ಅದೇ ಕತೆ, ರೋಲರನ್ನು ಬ್ರಷ್ಷಿನಿಂದ ಉಜ್ಜಿ. ಆದರೆ ಜಾರುವ ಭಾಗಗಳಿಗೆ ಗ್ರೀಸ್ ಮೆತ್ತಬೇಡಿ, ಮಣ್ಣೆಲ್ಲ ಅಲ್ಲೇ ಕೂರುತ್ತದೆ.

ನಮ್ಮ ಕಣ ಸ್ವಲ್ಪ ಇಳಿಜಾರು, ಅದಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಚಕ್ರಕ್ಕೆ ಅಡೆ ಕೊಟ್ಟು, ರೋಲರ್ ಪೂರ್ತಿ ಕೂತ ಮೇಲೇ ಹ್ಯಾಂಡ್‌ಬ್ರೇಕ್ ಬಿಡುವುದು, ಅಡೆ ತೆಗೆಯುವುದು. ಶೆಡ್ಡಿನಲ್ಲಿ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಅಡೆ ಕೊಟ್ಟು, ಆಮೇಲೆ ರೋಲರ್ ಬಿಡಿಸುವುದು. ಬಿಡಿಸದೆ ತಿಂಗಳುಗಟ್ಟಲೆ ಬಿಟ್ಟರೆ ಟೈರಿನಲ್ಲಿ ತಗ್ಗು ಬೀಳುತ್ತದೆ. ರೋಲರ್ ಕಚ್ಚಿಕೊಂಡಿರುವಾಗಲೇ ಗಾಡಿ ಎಳೆದುಕೊಂಡು ಹೊರಟರಂತೂ ಮೂವರ್ ಕೆಟ್ಟಂತೆಯೇ.

ರಾಡ್, ಟಿ ಹ್ಯಾಂಡಲ್, ಮಂಡಿ ಊರಲು ಒಂದು ಗೋಣಿಚೀಲ, ಇಷ್ಟನ್ನೂ ಕ್ಯಾರವಾನಿನ ಮುಂದಿನ ಪೆಟ್ಟಿಗೆಯಲ್ಲೇ ಬೀಗ ಹಾಕಿ ಇಟ್ಟಿದ್ದೇನೆ. ತೋಟದ ಶೆಡ್ಡಿಗೆ ಒಮ್ಮೆ ಹೋದ ಸ್ಪ್ಯಾನರ್ ವಾಪಸ್ ಬಂದದ್ದನ್ನು ಯಾರಾದರೂ ನೋಡಿದ್ದೀರಾ?